ಸಕ್ಕರೆ ಇಲ್ಲ ಅಂತ ನಾನೇ ಹೇಳಿದ್ದೆ

ಈ ಸಲ ರೆಸಿಪಿಗಿಂತ ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಆಷಾಢದಲ್ಲಿ ನಾನು ಮಾಡಿದ 'ಹೆಲ್ದಿ' ಕೇಕ್ ತಿಂದು ಅಪ್ಪಯ್ಯನ ಶುಗರ್ 286ಕ್ಕೆ ಏರಿತ್ತು. ಆ ಕೇಕಿಗೆ ನಾನು ಒಂದು ಚಮಚ ಸಕ್ಕರೆಯನ್ನೂ ಹಾಕಿರಲಿಲ್ಲ.

ಈ ಅಂಕಣ ಓದುತ್ತಾ ಬಂದವರಿಗೆ ಗೊತ್ತು, ನಾನು ಬೆಂಗಳೂರಲ್ಲಿ ಕೋಡ್ ಬರೆದು ಬದುಕೋನು, ಊರು ಶೃಂಗೇರಿ ಹತ್ತಿರದ ಕಿಗ್ಗ. ಋಷ್ಯಶೃಂಗ ದೇವಸ್ಥಾನ, ಸಿರಿಮನೆ ಜಲಪಾತ ಅಂದ್ರೆ ಬಹಳ ಜನಕ್ಕೆ ಗುರುತು ಸಿಗುತ್ತೆ. ಮಳೆ ದೇವರ ಊರು. ಮಳೆ ಹಿಡಿದರೆ ಹೊರಗೆ ಕೆಲಸವಿಲ್ಲ, ಒಳಗೆ ಕರೆಂಟಿಲ್ಲ. ಆದರೂ ಎರಡು ವಾರ ವರ್ಕ್ ಫ್ರಂ ಹೋಮ್ ಹಾಕಿ, ಬಸ್ಸಿನಲ್ಲಿ 16 ಲೀಟರಿನ ಓವನ್ ಹೊತ್ತುಕೊಂಡು ಹೋಗಿದ್ದೆ.

ಹೋಗೋಕೆ ಎರಡು ಕಾರಣ ಇತ್ತು. ಒಂದು, ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಟೆಸ್ಟ್ ಇದು. 5.7ರಿಂದ 6.4ರವರೆಗೆ ಇದ್ದರೆ ಪ್ರೀಡಯಾಬಿಟಿಸ್, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್. ನನಗಿನ್ನೂ ಮೂವತ್ತು. ಎರಡನೇದು ಅಪ್ಪಯ್ಯ. ಅವರಿಗೆ ಶುಗರ್ ಬಂದು ಒಂಬತ್ತು ವರ್ಷ. ದೊಡ್ಡಪ್ಪನಿಗೆ ಇದೇ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಅದನ್ನು ನೋಡಿದ ಮೇಲೆ ಅಪ್ಪಯ್ಯ ಹಬ್ಬದ ಊಟದಲ್ಲಿ ಪಾಯಸ ಬಡಿಸೋ ಹೊತ್ತಿಗೆ ಕೈ ತೊಳೆಯೋ ನೆಪದಲ್ಲಿ ಎದ್ದು ಹೋಗೋಕೆ ಶುರು ಮಾಡಿದ್ದರು. ಅದನ್ನು ನೋಡೋಕೆ ನನಗೆ ಆಗ್ತಿರಲಿಲ್ಲ. ಅವರೂ ಪಂಕ್ತಿಯಲ್ಲಿ ಕೂತು ತಿನ್ನೋ ಒಂದು ಸಿಹಿ ಮಾಡಬೇಕು ಅಂತ ಹೊರಟಿದ್ದೆ.

ಮೊದಲ ಭಾನುವಾರವೇ ಕೇಕ್ ಆಯ್ತು. ಮೈದಾ ಇಲ್ಲ, ಗೋಧಿ ಹಿಟ್ಟು. ಸಕ್ಕರೆ ಇಲ್ಲ, ಬೆಲ್ಲ, ಖರ್ಜೂರ, ಬಾಳೆಹಣ್ಣು. ಅಮ್ಮ 'ಪರಿಮಳ ಚೆನ್ನಾಗಿದೆ ಮಾರಾಯ' ಅಂದಳು. ನಾನು ಅಪ್ಪಯ್ಯನ ಮುಂದೆ ತಟ್ಟೆ ಇಟ್ಟು, 'ತಿನ್ನಿ, ಸಕ್ಕರೆ ಹಾಕಿಲ್ಲ' ಅಂದೆ. ಒಂದು ಪೀಸ್ ತಿಂದರು. ಇನ್ನೊಂದು ತಗೊಂಡರು. ನಾನು ಮೀಟಿಂಗ್ ಅಂತ ಎದ್ದು ಹೋದ ಮೇಲೆ ಮೂರನೇದೂ ಆಯ್ತಂತೆ.

ಸಂಜೆ ಅವರು ಮತ್ತೆ ಮತ್ತೆ ನೀರು ಕುಡಿಯೋದು ನೋಡಿ ಅಮ್ಮ ಗ್ಲುಕೋಮೀಟರ್ ತಂದಳು. ಆ ಹೊತ್ತಿಗೆ ಮಾಮೂಲಿಯಾಗಿ 160ರ ಆಸುಪಾಸು ಇರುತ್ತಿದ್ದದ್ದು ಅವತ್ತು 286. ಅಮ್ಮ ನನ್ನ ಮುಖ ನೋಡಿದಳು. 'ಮೂರು ಪೀಸ್ ಯಾಕೆ ತಿಂದ್ರಿ?' ಅಂತ ನಾನು ಸ್ವಲ್ಪ ಜೋರಾಗೇ ಕೇಳಿದೆ. ಅಪ್ಪಯ್ಯ ನಿಧಾನಕ್ಕೆ, 'ನೀನೇ ಸಕ್ಕರೆ ಇಲ್ಲ ಅಂದ್ಯಲ್ಲ ಮಾರಾಯ' ಅಂದರು.

ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆಗೆದು, ಬೇಯಿಸೋ ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ.

ಬೆಲ್ಲ 200 ಗ್ರಾಂ. ಬೆಲ್ಲದಲ್ಲಿ ಸುಮಾರು ಶೇ. 85ರಷ್ಟು ಸಕ್ಕರೆಯೇ, ಅಂದ್ರೆ 170 ಗ್ರಾಂ. ಖರ್ಜೂರ 100 ಗ್ರಾಂ, ಅದರಲ್ಲಿ ಹತ್ತಿರ ಹತ್ತಿರ 65. ಮೂರು ಬಾಳೆಹಣ್ಣು, ಸುಮಾರು 36. ಒಟ್ಟು 270 ಗ್ರಾಂ ದಾಟಿತು. ಅದೇ ಅಳತೆಯ ಮಾಮೂಲಿ ಕೇಕಿಗೆ ನಾನು ಹಾಕುತ್ತಿದ್ದದ್ದು 200 ಗ್ರಾಂ ಸಕ್ಕರೆ. ಅಂದ್ರೆ ನನ್ನ 'ಸಕ್ಕರೆ ಇಲ್ಲದ' ಕೇಕ್‌ನಲ್ಲಿ ಸಕ್ಕರೆ ಇನ್ನೂ ಜಾಸ್ತಿ ಇತ್ತು! ಹತ್ತು ಪೀಸ್ ಮಾಡಿದ್ದೆ, ಒಂದೊಂದರಲ್ಲಿ 27 ಗ್ರಾಂ. ಅಪ್ಪಯ್ಯ ಒಂದೇ ಸಲಕ್ಕೆ ತಿಂದದ್ದು 81 ಗ್ರಾಂ. ಹಿಟ್ಟಿನದ್ದು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಸೇರಿಸಿದ ಸಕ್ಕರೆಯಿಂದ ಬರಬಾರದು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೇದು. 2000 ಕ್ಯಾಲರಿ ತಿನ್ನೋರಿಗೆ ಆ ಶೇ. 5 ಅಂದ್ರೆ 25 ಗ್ರಾಂ, ಅಂದಾಜು ಆರು ಚಮಚ. ಇದು ಶುಗರ್ ಇಲ್ಲದವರ ಲೆಕ್ಕ.

ಬೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಒಂದಿಷ್ಟು ಖನಿಜಾಂಶ ಇದೆ, ರುಚಿ ಇದೆ. ಆದರೆ ಆ ಖನಿಜಾಂಶಕ್ಕಾಗಿ ಬೆಲ್ಲ ತಿನ್ನೋಕೆ ಹೊರಟರೆ ಅಷ್ಟರಲ್ಲಿ ಸಕ್ಕರೆ ಅಳತೆ ಮೀರಿರುತ್ತೆ. ಜೇನುತುಪ್ಪ, ಖರ್ಜೂರದ ಪೇಸ್ಟ್, ತೆಂಗಿನ ಸಕ್ಕರೆ ಎಲ್ಲದಕ್ಕೂ ಇದೇ ಮಾತು. ರೀಲ್ಸ್‌ನಲ್ಲಿ ಬಾಟಲಿ ಬದಲಾಗುತ್ತೆ, ಮೇದೋಜೀರಕಕ್ಕೆ ಅದು ಗೊತ್ತಾಗಲ್ಲ.

ಇದೇ ಲೆಕ್ಕವನ್ನು ಮಾರನೇ ದಿನ ಅಪ್ಪಯ್ಯನ ಕಾಫಿಗೆ ಹಾಕಿದೆ. ಶುಗರ್ ಬಂದ ಮೇಲೆ ಅವರು ಸಕ್ಕರೆ ಬಿಟ್ಟು ಬೆಲ್ಲದ ಕಾಫಿಗೆ ಹೋಗಿದ್ದರು. ದಿನಕ್ಕೆ ಮೂರು ಸಲ, ಪ್ರತಿ ಸಲ ಎರಡು ಚಮಚ. ಸುಮಾರು 30 ಗ್ರಾಂ ಬೆಲ್ಲ, ಅದರಲ್ಲಿ 25 ಗ್ರಾಂ ಸಕ್ಕರೆ. ಒಂಬತ್ತು ವರ್ಷದಿಂದ ಪಾಯಸ ಬಿಟ್ಟು ಎದ್ದು ಹೋಗುತ್ತಿದ್ದ ಮನುಷ್ಯ ದಿನಾ ಒಂದು ಪಾಯಸದಷ್ಟು ಕಾಫಿಯಲ್ಲೇ ಕುಡಿಯುತ್ತಿದ್ದರು. ಪಾಪ, ಯಾರೂ ಲೆಕ್ಕ ಹಾಕಿ ಹೇಳಿರಲಿಲ್ಲ.

2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಡಯಾಬಿಟಿಸ್, 13.6 ಕೋಟಿ ಜನಕ್ಕೆ ಪ್ರೀಡಯಾಬಿಟಿಸ್ ಇದೆ. ಈ ಎರಡನೇ ಗುಂಪಿನಲ್ಲಿ ನಾನಿದ್ದೀನಿ. ಇದನ್ನು ಮೆಟ್ರೋದಲ್ಲಿ ನಿಂತು ಓದ್ತಿರೋ ನಿಮ್ಮಲ್ಲೂ ಕೆಲವರು ಇರಬಹುದು.

ಸರಿ, ಕೇಕಿಗೆ ವಾಪಸ್ ಬರೋಣ.

ಎರಡನೇ ಪ್ರಯತ್ನದಲ್ಲಿ ಖರ್ಜೂರ ತೆಗೆದು, ಬೆಲ್ಲ 200ರಿಂದ 40 ಗ್ರಾಮಿಗೆ ಇಳಿಸಿದೆ. ಬಂದದ್ದು ಕೇಕ್ ಅಲ್ಲ, ಇಟ್ಟಿಗೆ. ಅಮ್ಮ, 'ಗಾಳಿಗೆ ಬಾಗಿಲು ಬಡ್ಕೊಳ್ತದೆ, ಅಡ್ಡ ಇಡೋಕೆ ಆಗ್ತದೆ' ಅಂದಳು.

ಕಾರಣ ಆಮೇಲೆ ಅರ್ಥ ಆಯ್ತು. ಕೇಕ್‌ನಲ್ಲಿ ಸಕ್ಕರೆ ಸಿಹಿಗೆ ಮಾತ್ರ ಇರೋದಿಲ್ಲ. ಅದು ನೀರು ಹಿಡಿದಿಟ್ಟು ಕೇಕ್ ಒಣಗದ ಹಾಗೆ ನೋಡಿಕೊಳ್ಳುತ್ತೆ, ಗೋಧಿಯ ಅಂಟು ಗಟ್ಟಿಯಾಗದಂತೆ ತಡೆಯುತ್ತೆ, ಮೇಲೆ ಕಂದು ಬಣ್ಣ ತರುತ್ತೆ. ಸಕ್ಕರೆ ಕಮ್ಮಿ ಮಾಡಿದರೆ ಈ ಕೆಲಸಗಳನ್ನು ಬೇರೆ ಯಾರಾದರೂ ಮಾಡಬೇಕು. ತೇವಕ್ಕೆ ಒಂದು ಬಾಳೆಹಣ್ಣು. ಮೆತ್ತಗಾಗೋಕೆ ಮಜ್ಜಿಗೆ, ಅದರ ಹುಳಿ ಅಡಿಗೆ ಸೋಡಾ ಜೊತೆ ಸೇರಿ ಗಾಳಿಗುಳ್ಳೆ ಎಬ್ಬಿಸುತ್ತೆ. ಅಂಟು ಕಮ್ಮಿ ಆಗೋಕೆ ಅರ್ಧ ರಾಗಿ ಹಿಟ್ಟು. ಸಿಹಿ ಜಾಸ್ತಿ ಇದೆ ಅನ್ನಿಸೋಕೆ ಏಲಕ್ಕಿ ಮತ್ತು ಚಿಟಿಕೆ ಉಪ್ಪು.

ನಾಲ್ಕನೇ ಸಲಕ್ಕೆ ನಿಂತ ಅಳತೆ ಇದು. ಸ್ಕ್ರೀನ್‌ಶಾಟ್ ತಗೊಳ್ಳಿ.

ರಾಗಿ ಹಿಟ್ಟು 80 ಗ್ರಾಂ, ಗೋಧಿ ಹಿಟ್ಟು 80 ಗ್ರಾಂ, ಹುರಿದು ತರಿಯಾಗಿ ಪುಡಿ ಮಾಡಿದ ಶೇಂಗಾ 30 ಗ್ರಾಂ, ಬೇಕಿಂಗ್ ಪೌಡರ್ 1 ಚಮಚ, ಅಡಿಗೆ ಸೋಡಾ ಕಾಲು ಚಮಚ, ಏಲಕ್ಕಿ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು. ಇದು ಒಣಗಿದ್ದು. ಚೆನ್ನಾಗಿ ಕಳಿತ ಬಾಳೆಹಣ್ಣು 1, ಪುಡಿ ಮಾಡಿದ ಬೆಲ್ಲ 40 ಗ್ರಾಂ, ಹುಳಿ ಮಜ್ಜಿಗೆ (ದಪ್ಪ ಇರಲಿ) 180 ಎಂ.ಎಲ್., ತುಪ್ಪ ಅಥವಾ ಎಣ್ಣೆ 50 ಗ್ರಾಂ. ಇದು ಹಸಿ. ಹಣ್ಣು ಕಿವುಚಿ, ಬೆಲ್ಲ ಕರಗಿಸಿ, ಎರಡನ್ನೂ ಸೇರಿಸಿ ಹಗುರವಾಗಿ ಕಲಸಿ. ಜಾಸ್ತಿ ಕಲಸಿದರೆ ಮತ್ತೆ ಇಟ್ಟಿಗೆ. 170 ಡಿಗ್ರಿಯಲ್ಲಿ 30ರಿಂದ 35 ನಿಮಿಷ.

ಓವನ್ ಇಲ್ವಾ? ನಮ್ಮಲ್ಲಿ ಓವನ್ ಇದ್ದೂ ಕರೆಂಟ್ ಇರಲಿಲ್ಲ. ದಪ್ಪ ತಳದ ಪಾತ್ರೆಗೆ ಪುಡಿ ಉಪ್ಪು ಹರಡಿ, ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೇಕಿನ ಡಬ್ಬಿ ಇಡಿ. ಸಣ್ಣ ಉರಿಯಲ್ಲಿ 40–45 ನಿಮಿಷ. ಅಜ್ಜಿ ಕಾಲದಲ್ಲಿ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸ್ತಿದ್ದರು ಅಂತ ಅಮ್ಮ ನೆನಪು ಮಾಡಿಕೊಂಡಳು. ನಾನು ಬಸ್ಸಿನಲ್ಲಿ ಹೊತ್ತು ತಂದದ್ದು ಅಷ್ಟೇನೂ ಹೊಸದಾಗಿರಲಿಲ್ಲ.

ಎಂಟು ಪೀಸ್ ಮಾಡಿದರೆ ಒಂದರಲ್ಲಿ ಬೆಲ್ಲ, ಹಣ್ಣು, ಮಜ್ಜಿಗೆ ಎಲ್ಲಾ ಸೇರಿ ಸಕ್ಕರೆ ಸುಮಾರು 6.5 ಗ್ರಾಂ. ಮೊದಲಿನ 27ಕ್ಕೆ ಹೋಲಿಸಿದರೆ ಕಾಲು ಭಾಗ. ಹಾಗಂತ ಇದಕ್ಕೆ 'ಲೋ ಶುಗರ್' ಅಂತ ಹೆಸರಿಡೋ ಹಾಗಿಲ್ಲ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಪೊಟ್ಟಣದ ಮೇಲೆ 'ಲೋ ಶುಗರ್' ಅಂತ ಹಾಕಬೇಕಾದರೆ 100 ಗ್ರಾಂ ತಿಂಡಿಯಲ್ಲಿ ಸಕ್ಕರೆ 5 ಗ್ರಾಂ ಮೀರಬಾರದು, 'ಶುಗರ್ ಫ್ರೀ' ಅನ್ನೋಕೆ 0.5 ಗ್ರಾಂ ಮೀರಬಾರದು. ನನ್ನದರಲ್ಲಿ ಸುಮಾರು 10 ಇದೆ. ಜೊತೆಗೆ ರಾಗಿ, ಗೋಧಿಯ ಪಿಷ್ಟವೂ ಹೊಟ್ಟೆಯಲ್ಲಿ ಗ್ಲುಕೋಸ್ ಆಗುತ್ತೆ; ಒಂದು ಪೀಸಿಗೆ ಅದು 14 ಗ್ರಾಂ ಆಗಬಹುದು. ಅಂಗಡಿಯ ಬಿಸ್ಕತ್ತು ತಗೊಳ್ಳುವಾಗಲೂ ಅಷ್ಟೇ. ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರದಲ್ಲಿ ಸಕ್ಕರೆ, ಕಾರ್ಬೋಹೈಡ್ರೇಟ್ ಎರಡೂ ಸಾಲು ನೋಡಿ.

ಇನ್ನು ಹೊಟ್ಟೆಯ ವಿಷಯ. 'ಗಟ್ ಹೆಲ್ತ್' ಅಂತ ಬೆಂಗಳೂರಲ್ಲಿ ನಾನು ಬಾಟಲಿಗಟ್ಟಲೆ ಕೊಂಬುಚಾ ಕುಡಿದಿದ್ದೀನಿ. ಕಿಗ್ಗದಲ್ಲಿ ಅದೇ ವಾರ ಅಮ್ಮ ದಿನಾ ಮಧ್ಯಾಹ್ನ ತಂಬುಳಿ ಮಾಡ್ತಿದ್ದಳು. ಒಂದು ದಿನ ಒಂದೆಲಗ, ಇನ್ನೊಂದು ದಿನ ದೊಡ್ಡಪತ್ರೆ. ತೆಂಗಿನಕಾಯಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಕಲಸೋದು. ಮುಖ್ಯ ವಿಷಯ, ಮಜ್ಜಿಗೆ ಹಾಕಿದ ಮೇಲೆ ಕುದಿಸೋ ಹಾಗಿಲ್ಲ. ಹಾಗಾಗಿ ಮೊಸರಿನ ಜೀವಂತ ಬ್ಯಾಕ್ಟೀರಿಯಾ ಜೀವಂತವಾಗೇ ಹೊಟ್ಟೆಗೆ ಹೋಗುತ್ತವೆ. ಕುದಿಸಿದ ಮಜ್ಜಿಗೆಹುಳಿಯಲ್ಲಿ ಅವು ಉಳಿಯಲ್ಲ. ನನ್ನ ಕೇಕ್‌ನ ಮಜ್ಜಿಗೆಯಲ್ಲೂ ಉಳಿಯಲ್ಲ; ಅಲ್ಲಿ ಮಜ್ಜಿಗೆ ಇರೋದು ಮೆತ್ತಗಾಗೋಕೆ ಮಾತ್ರ. ಇಡ್ಲಿ, ದೋಸೆಯದ್ದೂ ಇದೇ ಕಥೆ. ಹಿಟ್ಟು ಹುದುಗಿಸೋ ಬ್ಯಾಕ್ಟೀರಿಯಾ ಕಾವಲಿಯ ಮೇಲೆ ಸಾಯುತ್ತವೆ, ಆದರೆ ಅಷ್ಟರೊಳಗೆ ಉದ್ದು, ಅಕ್ಕಿಯನ್ನು ಜೀರ್ಣಕ್ಕೆ ಸುಲಭ ಮಾಡಿಟ್ಟು ಹೋಗಿರುತ್ತವೆ.

ಒಳಗೆ ಈಗಾಗಲೇ ಇರೋ ಬ್ಯಾಕ್ಟೀರಿಯಾಗಳಿಗೆ ಊಟ ಬೇಕಲ್ಲ, ಅದು ನಾರು. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ದೊಡ್ಡ ಕರುಳಲ್ಲಿ ಹುದುಗಿಸಿ, ಕರುಳಿನ ಒಳಪದರಕ್ಕೆ ಬೇಕಾದ ಬ್ಯುಟಿರೇಟ್‌ನಂಥ ಆಮ್ಲ ತಯಾರಿಸುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಗೋಧಿ ಹಿಟ್ಟು ಮತ್ತು ರಾಗಿಯಲ್ಲಿ 11 ಗ್ರಾಂ ಮೇಲೆ ಇದೆ. ಕೇಕಿಗೆ ರಾಗಿ ಹಾಕಿದ್ದು ಇದಕ್ಕೂ ಹೌದು. ಆದರೆ ಒಂದು ಪೀಸ್ ಕೇಕ್‌ನ ನಾರಿನಿಂದ ಕರುಳು ಉದ್ಧಾರ ಆಗಲ್ಲ. ಅದಕ್ಕೆ ದಿನದ ಪಲ್ಯ, ಕಾಳು, ಸೊಪ್ಪು ಬೇಕು. ಒಮ್ಮೆಲೇ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರ ಬರುತ್ತೆ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಹೊಸ ಕೇಕನ್ನು ಅಪ್ಪಯ್ಯನಿಗೆ ಕೊಡೋ ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ ಲೆಕ್ಕ ಹೇಳಿದೆ. ಒಂದು ಪೀಸ್, ಖಾಲಿ ಹೊಟ್ಟೆಗೆ ಬೇಡ, ಪಲ್ಯ ತಂಬುಳಿ ಊಟ ಆದ ಮೇಲೆ, ಆ ಹೊತ್ತಿನ ಅನ್ನ ಅಷ್ಟು ಕಮ್ಮಿ ಅಂದರು. ಮಾತ್ರೆ ತಗೊಳ್ಳೋ ಹಿರಿಯರು ಮನೆಯಲ್ಲಿದ್ದರೆ ನೀವೂ ಕೇಳಿಯೇ ಕೊಡಿ.

ಭಾನುವಾರ ಊಟದ ಕೊನೆಗೆ ತಟ್ಟೆ ತಂದೆ. ಅಪ್ಪಯ್ಯ ಕೈ ಚಾಚಲಿಲ್ಲ. 'ಸಕ್ಕರೆ ಉಂಟಾ?' ಅಂತ ಕೇಳಿದರು.

'ಉಂಟು. ಒಂದರಲ್ಲಿ ಆರೂವರೆ ಗ್ರಾಂ. ಒಂದೇ ತಿನ್ನಬೇಕು' ಅಂದೆ.

'ಹಾಗೆ ಹೇಳು' ಅಂತ ಒಂದು ತಗೊಂಡರು. ಏಳದೆ ಕೂತೇ ತಿಂದರು. ಎರಡು ಗಂಟೆ ಬಿಟ್ಟು ನೋಡಿದಾಗ 168.

ಕಾಫಿಗೆ ಈಗ ಅರ್ಧ ಚಮಚ ಬೆಲ್ಲ. ಎರಡರಿಂದ ಅರ್ಧಕ್ಕೆ ಇಳಿಯೋಕೆ ಎರಡು ತಿಂಗಳು ಹಿಡಿಯಿತು, ನಡುವೆ ಜಗಳವೂ ಆಯ್ತು. ನನ್ನ ಎಚ್‌ಬಿಎ1ಸಿ ಈ ಸಲ 5.7, ಇನ್ನೂ ಗೆರೆಯ ಮೇಲೇ ಇದೆ. ಕಡಿಮೆ ಆಗಿದ್ದು ಕೇಕಿನಿಂದಲ್ಲ, ಆಫೀಸಿನ ನಾಲ್ಕು ಗಂಟೆಯ ಬಿಸ್ಕತ್ತು ಬಿಟ್ಟು ಸಂಜೆ ನಡೆದಿದ್ದರಿಂದ ಇರಬೇಕು.

ಈ ವಾರ ಒಂದು ಕೆಲಸ ಮಾಡಿ. ಮನೆಗೆ ಫೋನ್ ಮಾಡಿದಾಗ 'ಊಟ ಆಯ್ತಾ' ಜೊತೆಗೆ 'ಕಾಫಿಗೆ ಬೆಲ್ಲ ಎಷ್ಟು ಚಮಚ ಹಾಕ್ತೀರಿ' ಅಂತಲೂ ಕೇಳಿ. ನಿಮ್ಮದನ್ನೂ ಎಣಿಸಿ. ಮುಂದಿನ ಸಲ ಓವನ್ ಬೇಡದ, ಬೆಲ್ಲವೇ ಬೇಡದ ಹಲಸಿನ ಹಣ್ಣಿನ ಕಡುಬಿನ ಜೊತೆ ಬರ್ತೀನಿ. ಅದರಲ್ಲೂ ಸಕ್ಕರೆ ಇದೆ. ಎಷ್ಟು ಅಂತ ಲೆಕ್ಕ ಹಾಕಿಯೇ ಬರೆಯುತ್ತೀನಿ.