ಆರೈಕೆಯೂ ದಾಸೋಹ, ಅದಕ್ಕೂ ಲೆಕ್ಕ ಬೇಕು



ಮಠಕ್ಕೆ ಬರುವ ಭಕ್ತರು ಮಗನ ನೌಕರಿ, ಮಗಳ ಮದುವೆಯ ಜೊತೆಗೆ ಈಗ ಇನ್ನೊಂದು ಚಿಂತೆಯನ್ನೂ ಸ್ವಾಮೀಜಿಯವರ ಮುಂದೆ ಇಡುತ್ತಿದ್ದಾರೆ: "ಬುದ್ಧಿ, ತಂದೆಗೆ ಲಕ್ವ ಹೊಡೆದಿದೆ. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡಿದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಎಲ್ಲಿ ಬಿಡೋಣ?" 2011ರ ಜನಗಣತಿಯಲ್ಲೇ ನಮ್ಮ ರಾಜ್ಯದಲ್ಲಿ 60 ವರ್ಷ ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿದ್ದರು. ಇಷ್ಟು ಕಾಲ ಈ ಸೇವೆಯನ್ನು ಸೊಸೆಯೊಬ್ಬಳ ಹೆಗಲಿಗೆ ಹೊರಿಸಿ, ಅದನ್ನೇ ನಮ್ಮ ಸಂಸ್ಕೃತಿ ಎಂದು ಹೇಳಿಕೊಂಡು ಬಂದೆವು. ಆಕೆಯೂ ಈಗ ದುಡಿಯಲು ಹೋಗುತ್ತಾಳೆ, ಹೋಗಲೇಬೇಕು. ಆದ್ದರಿಂದ ಹಣ ಕೊಟ್ಟು ಆರೈಕೆ ಪಡೆಯುವುದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡದೆ, ಒಳ್ಳೆಯ ಕೇಂದ್ರ ಯಾವುದು, ಅದರ ನ್ಯಾಯವಾದ ಬೆಲೆ ಎಷ್ಟು ಎಂದು ಬಹಿರಂಗವಾಗಿ ಚರ್ಚಿಸಬೇಕಾಗಿದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಆಸ್ಪತ್ರೆ. ವೃದ್ಧಾಶ್ರಮವೆಂದರೆ ಸಾಮಾನ್ಯವಾಗಿ ಎದ್ದು ಓಡಾಡುವ ಹಿರಿಯರಿಗೆ ಊಟ, ವಸತಿ. ಇವೆರಡರ ನಡುವಿನದು ಆರೈಕೆ ಕೇಂದ್ರ: ಮೂಗಿನ ನಳಿಕೆಯಲ್ಲಿ ಆಹಾರ, ಮೂತ್ರದ ಕ್ಯಾತಿಟರ್, ಹುಣ್ಣಿಗೆ ಡ್ರೆಸಿಂಗ್, ಫಿಸಿಯೋಥೆರಪಿ ಬೇಕಾದವರು ತಿಂಗಳುಗಟ್ಟಲೆ ಇರುವ ಜಾಗ. ಹಲವು ವೃದ್ಧಾಶ್ರಮಗಳು ಈ ಕೆಲಸವನ್ನೂ ಮಾಡುತ್ತೇವೆಂದು ಬೋರ್ಡ್ ಹಾಕುತ್ತವೆ. ಮಾಡಬಲ್ಲವೇ ಎಂದು ತಿಳಿಯುವುದು ಹೇಗೆ?

ಅಮೆರಿಕದಲ್ಲಿ ಇಂಥ ಕೇಂದ್ರಗಳಿಗೆ ಅಲ್ಲಿನ ಸರ್ಕಾರ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಅದಕ್ಕೆ ಆಧಾರ ಮೂರು: ತಪಾಸಣೆಯ ವರದಿ, ಸಿಬ್ಬಂದಿಯ ಪ್ರಮಾಣ, ರೋಗಿಗಳ ಸ್ಥಿತಿಗತಿ. ಸಿಬ್ಬಂದಿಯ ಸಂಖ್ಯೆಯನ್ನು ಕೇಂದ್ರದವರ ಬಾಯಿಮಾತಿನಿಂದ ತೆಗೆದುಕೊಳ್ಳದೆ ಸಂಬಳದ ದಾಖಲೆಯಿಂದ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಆದ್ದರಿಂದ ಪ್ರತಿ ಕುಟುಂಬವೂ ತಾನೇ ತಪಾಸಣಾಧಿಕಾರಿ ಆಗಬೇಕು.

ಸರ್ಕಾರಿ ಕಾಮಗಾರಿಗಳಲ್ಲಿ ಎಸ್ಟಿಮೇಟ್‌ಗಿಂತ ತೀರಾ ಕಡಿಮೆ ದರಕ್ಕೆ ಟೆಂಡರ್ ಹಾಕಿದವನನ್ನು ಅನುಮಾನದಿಂದ ನೋಡಬೇಕೆಂಬುದು ನನ್ನಂಥ ಎಂಜಿನಿಯರುಗಳು ಕಲಿತ ಪಾಠ. ಎಲ್ಲೋ ಸಿಮೆಂಟು ಕಡಿಮೆಯಾಗಿರುತ್ತದೆ. ಆರೈಕೆ ಕೇಂದ್ರದಲ್ಲಿ ಕಡಿಮೆಯಾಗುವುದು ಕೈಗಳು. 20 ಮಂದಿ ಹಾಸಿಗೆ ಹಿಡಿದವರ ಒಂದು ಕೇಂದ್ರವನ್ನು ಊಹಿಸಿಕೊಳ್ಳಿ. ಐದು ಮಂದಿಗೆ ಒಬ್ಬ ಸಹಾಯಕರೆಂದರೆ ಒಂದು ಪಾಳಿಗೆ ನಾಲ್ವರು, ಮೂರು ಪಾಳಿಗೆ 12 ಮಂದಿ. ವಾರದ ರಜೆ, ಕಾಯಿಲೆ ರಜೆ ಸೇರಿದರೆ 15. ಪಾಳಿಗೊಬ್ಬ ತರಬೇತಾದ ನರ್ಸ್ ಎಂದರೆ ನಾಲ್ವರು ಬೇಕು. ಸಹಾಯಕರಿಗೆ 15 ಸಾವಿರ, ನರ್ಸ್‌ಗೆ 22 ಸಾವಿರ ಸಂಬಳ ಎಂದಿಟ್ಟುಕೊಂಡರೂ ತಿಂಗಳಿಗೆ 3,13,000 ರೂಪಾಯಿ ಸಂಬಳಕ್ಕೇ ಹೋಗುತ್ತದೆ. ಊಟಕ್ಕೆ ದಿನಕ್ಕೆ 150ರಂತೆ 90,000. ವೈದ್ಯರ ಭೇಟಿ, ಅಡುಗೆಯವರು, ಕರೆಂಟು, ಬಟ್ಟೆ ಒಗೆತ, ರಿಪೇರಿಗೆ 1,20,000 ಇಡಿ. ಒಟ್ಟು 5,23,000. ಒಬ್ಬರಿಗೆ 26,150 ರೂಪಾಯಿ. ಕಟ್ಟಡದ ಬಾಡಿಗೆ, ಲಾಭ ಇದರಲ್ಲಿ ಇಲ್ಲ. ನಿಮ್ಮ ಊರಿನ ಸಂಬಳಕ್ಕೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಬದಲಾಗದು. ಇದೇ ಆರೈಕೆಯನ್ನು 12 ಸಾವಿರಕ್ಕೆ ಕೊಡುತ್ತೇವೆ ಎನ್ನುವವರು ಯಾವ ಬಾಬ್ತನ್ನು ಕೈಬಿಟ್ಟಿದ್ದಾರೆಂದು ಕೇಳಿ. ಹೆಚ್ಚು ದರ ಎಂದಾಕ್ಷಣ ಹೆಚ್ಚು ಕೈಗಳಿವೆ ಎಂದೂ ತಿಳಿಯಬೇಡಿ. ಆ ಹಣ ಹೊರಗಿನ ಗಾಜು, ಹುಲ್ಲುಹಾಸಿಗೂ ಹೋಗಿರಬಹುದು.

ಮಲಗಿದಲ್ಲೇ ಇರುವವರಿಗೆ ಬೆನ್ನುಹುಣ್ಣು ಆಗದಿರಲು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರನ್ನು ಹೊರಳಿಸಲು ಇಬ್ಬರಿಗೆ ಐದು ನಿಮಿಷ ಬೇಕೆಂದರೆ, 20 ಮಂದಿಗೆ 200 ನಿಮಿಷದ ದುಡಿಮೆ. ರಾತ್ರಿ ಇಬ್ಬರೇ ಇದ್ದರೆ ಎರಡು ಗಂಟೆಯಲ್ಲಿ ಅವರಿಬ್ಬರ ಬಳಿ ಇರುವುದೇ 240 ನಿಮಿಷ. ಉಳಿದ 40 ನಿಮಿಷದಲ್ಲಿ ಡೈಪರ್ ಬದಲಿಸುವುದು, ನೀರು ಕೊಡುವುದು, ಕರೆದವರ ಬಳಿ ಓಡುವುದು ಸಾಧ್ಯವೇ? ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ: ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಎಷ್ಟು ಮಂದಿ?

ಉತ್ತರವನ್ನು ಆಫೀಸಿನಲ್ಲಿ ಕುಳಿತು ಕೇಳಿ ಬರಬೇಡಿ. ಮುಂಚೆ ತಿಳಿಸದೆ ಭಾನುವಾರ ಮಧ್ಯಾಹ್ನವೋ ರಾತ್ರಿಯೋ ಹೋಗಿ. ಅಲ್ಲಿರುವ ಹಿರಿಯರ ಉಗುರು, ತುಟಿ ನೋಡಿ. ಈಗಾಗಲೇ ನಿಮ್ಮವರು ಅಲ್ಲಿದ್ದರೆ ಹಿಮ್ಮಡಿ, ಸೊಂಟದ ಕೆಳಗಿನ ಚರ್ಮ ನೋಡಿ. ಕೈ ಕಟ್ಟಿ ಹಾಕಿದ್ದಾರೆಯೇ, ಗದ್ದಲ ಮಾಡುವವರಿಗೆ ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದ್ದಾರೆಯೇ ಗಮನಿಸಿ. ಮಗ್ಗುಲು ಬದಲಿಸಿದ ದಾಖಲೆಯನ್ನು ಕೇಳಿ. ಇಡೀ ವಾರದ್ದನ್ನು ಒಂದೇ ಪೆನ್ನಿನಲ್ಲಿ, ಒಂದೇ ಬರವಣಿಗೆಯಲ್ಲಿ ತುಂಬಿದ್ದರೆ ಅದು ಕೂತಲ್ಲೇ ಬರೆದ ಲಾಗ್‌ಬುಕ್. ಕಟ್ಟಡದಲ್ಲಿ ನೋಡಬೇಕಾದ್ದು ಕೆಲವೇ: 12 ಅಡಿ ಉದ್ದಕ್ಕೆ ಒಂದು ಅಡಿಗಿಂತ ಕಡಿದಾಗಿರದ ಇಳಿಜಾರು, ಗಾಲಿಕುರ್ಚಿ ನುಗ್ಗುವ ಬಾಗಿಲು, ಸ್ಟ್ರೆಚರ್ ಹಿಡಿಸುವ ಲಿಫ್ಟ್, ಶೌಚಾಲಯದಲ್ಲಿ ಹಿಡಿಕೆ ಕಂಬಿ, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ, ಕರೆಂಟು ಹೋದರೆ ಜನರೇಟರ್.

ನಮ್ಮವರು ಇನ್ನೊಂದು ಪ್ರಶ್ನೆ ಕೇಳಬೇಕು. ಕೈ ಸ್ವಾಧೀನ ತಪ್ಪಿದ ಹಿರಿಯರಿಗೆ ಇಷ್ಟಲಿಂಗ ಪೂಜೆಗೆ ಯಾರಾದರೂ ನೆರವಾಗುತ್ತಾರೆಯೇ? ಸ್ನಾನ ಮಾಡಿಸುವಾಗ ಲಿಂಗವನ್ನು ಗೌರವದಿಂದ ತೆಗೆದಿಟ್ಟು ಮತ್ತೆ ಕಟ್ಟುತ್ತಾರೆಯೇ? ಆದರೆ ಪ್ರಾರ್ಥನಾ ಮಂದಿರದ ಅಮೃತಶಿಲೆ ನೋಡಿ ಮರುಳಾಗಬೇಡಿ. ಹಾಗೆಯೇ, ಮೈ ತೊಳೆಯುವವರ ಜಾತಿ ಯಾವುದೆಂದು ವಿಚಾರಿಸುವ ಚಾಳಿ ನಮ್ಮ ಮನೆಗಳಿಂದ ಹೊರಟು ಆರೈಕೆ ಕೇಂದ್ರದವರೆಗೂ ಬಂದಿದ್ದರೆ, ಕೊರಳಲ್ಲಿ ಲಿಂಗವಿದ್ದೂ ಬಸವಣ್ಣನವರಿಂದ ನಾವು ಏನನ್ನೂ ಕಲಿತಿಲ್ಲವೆಂದೇ ಅರ್ಥ. ಮಲಮೂತ್ರ ತೆಗೆಯುವ ಕೈ ಕಾಯಕದ ಕೈ. ಅದಕ್ಕೆ ಬಾಯಿತುಂಬ ಶರಣು ಎಂದರೆ ಸಾಲದು, ತಿಂಗಳ ಮೊದಲ ವಾರ ನ್ಯಾಯವಾದ ಸಂಬಳ ಸಿಗಬೇಕು.

ಖರ್ಚಿನ ವಿಷಯದಲ್ಲಿ, ಗುತ್ತಿಗೆದಾರರ ಬಿಲ್ಲಿನ ಹಾಗೆ ಇಲ್ಲಿಯೂ 'ಎಕ್ಸ್‌ಟ್ರಾ ಐಟಂ' ಇರುತ್ತವೆ. ಡೈಪರ್, ಡ್ರೆಸಿಂಗ್, ಫಿಸಿಯೋಥೆರಪಿ, ಆಮ್ಲಜನಕ, ಆಂಬುಲೆನ್ಸ್ ಮೂಲ ದರದಲ್ಲಿ ಇವೆಯೇ? ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಹಣ ಕೊಡಬೇಕೇ? ಹಿರಿಯರು ಲಿಂಗೈಕ್ಯರಾದರೆ ಠೇವಣಿ ಎಷ್ಟು ದಿನದಲ್ಲಿ ವಾಪಸು? ಬರವಣಿಗೆಯಲ್ಲಿ ಪಡೆಯಿರಿ. ವಿಮೆಯನ್ನು ನಂಬಿ ಕೂರಬೇಡಿ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ವಿಶ್ರಾಂತಿ ಹಾಗೂ ದಿನನಿತ್ಯದ ಆರೈಕೆಯ ವೆಚ್ಚವನ್ನು ಹೊರಗಿಡುವ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯೂ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ.

ಇಲ್ಲಿ ಮಠಗಳ ಮಾತು ಬರುತ್ತದೆ. ಅನ್ನ, ಅಕ್ಷರ, ಆಶ್ರಯದ ತ್ರಿವಿಧ ದಾಸೋಹಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಬದುಕೇ ಸಾಕ್ಷಿ. ನಾಲ್ಕನೆಯದಾಗಿ ಆರೈಕೆಯನ್ನು ಸೇರಿಸುವ ಕಾಲ ಬಂದಿದೆ. ಮಠದ ಕಟ್ಟಡವಿದ್ದು, ಊಟ ದಾಸೋಹದ ಮನೆಯಿಂದ ಬಂದರೆ ಮೇಲಿನ ಲೆಕ್ಕದಲ್ಲಿ ಒಬ್ಬರ ವೆಚ್ಚ 21,650ಕ್ಕೆ ಇಳಿಯುತ್ತದೆ. ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ ಊಟ, ವಸತಿ ಸೇರಿ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿಯೂ ಇದೆ. 20ರಲ್ಲಿ ಐದು ಹಾಸಿಗೆ ಬಡವರಿಗೆ ಉಚಿತವಾಗಿರಿಸಲು ವರ್ಷಕ್ಕೆ ಸುಮಾರು 13 ಲಕ್ಷ ಬೇಕು. ಜಾತ್ರೆಯ ಪೆಂಡಾಲು, ದೀಪಾಲಂಕಾರವನ್ನು ಒಂದಿಷ್ಟು ಕಡಿಮೆ ಮಾಡಿದರೆ ದೊಡ್ಡ ಮಠಗಳಿಗೆ ಇದು ಭಾರವಲ್ಲ.

ಆದರೆ ಮಠದ್ದೆಂಬ ಕಾರಣಕ್ಕೆ ತಪಾಸಣೆಯಿಂದ ವಿನಾಯಿತಿ ಬೇಡ. ಸ್ವಯಂಸೇವಕರನ್ನೇ ನಂಬಿ ಆರಂಭಿಸಿದ ಸೇವೆ ಮೂರು ತಿಂಗಳಲ್ಲಿ ಸೊರಗುತ್ತದೆ. ಸಂಬಳ ಕೊಟ್ಟು ನಡೆಸಿ. ಬಾಗಿಲಲ್ಲಿ ಒಂದು ಫಲಕವಿರಲಿ: ಈ ಪಾಳಿಯಲ್ಲಿ ಎಷ್ಟು ಮಂದಿ ನರ್ಸ್, ಎಷ್ಟು ಮಂದಿ ಸಹಾಯಕರು, ಈ ತಿಂಗಳು ಎಷ್ಟು ಮಂದಿಗೆ ಬೆನ್ನುಹುಣ್ಣಾಯಿತು, ಎಷ್ಟು ಮಂದಿ ಬಿದ್ದರು, ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು. ಈ ಆರು ಸಾಲು ಬರೆಯಲು ಹಿಂಜರಿಯುವ ಕೇಂದ್ರದಲ್ಲಿ, ಅದು ಯಾರದೇ ಆಗಿರಲಿ, ನಮ್ಮ ಹಿರಿಯರನ್ನು ಬಿಡುವುದು ಬೇಡ.

ಶರೀರವನ್ನೇ ದೇವಾಲಯವೆಂದು ತಿಳಿದ ಪರಂಪರೆ ನಮ್ಮದು. ಮುಂದಿನ ಬಸವ ಜಯಂತಿಯ ಸಭೆಯಲ್ಲಿ ಹೊಸ ಕಲ್ಯಾಣ ಮಂಟಪದ ಪ್ರಸ್ತಾವ ಬಂದರೆ, ಅದರ ಪಕ್ಕದಲ್ಲಿ 20 ಹಾಸಿಗೆಯ ಆರೈಕೆ ಕೇಂದ್ರದ ಎಸ್ಟಿಮೇಟನ್ನೂ ಇಡಿ ಎಂದು ಪ್ರತಿ ಊರಿನ ಬಸವ ಸಮಿತಿಯವರು ಕೇಳಲಿ.