ಮತ್ತೆ ಸಿಗದ ಜೊತೆಗಾರ

ಪೈಪೋಟಿಯ ಆನ್‌ಲೈನ್ ಆಟಗಳು ಹುಡುಗರನ್ನು ಸ್ವಾರ್ಥಿಗಳನ್ನಾಗಿ ಮಾಡುತ್ತವೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದೇ ಇಲ್ಲ. ನನಗೆ ಅದು ಅರೆಬೆಂದ ವಿಚಾರವಾಗಿ ಕಾಣುತ್ತದೆ. ಎದುರಾಳಿಯನ್ನು ಸೋಲಿಸುವ ಹಟ ಯಾರನ್ನೂ ಕೆಡಿಸುವುದಿಲ್ಲ. ಪಕ್ಕದಲ್ಲಿ ಆಡುತ್ತಿರುವವನು ನಾಳೆ ಸಿಗುವುದಿಲ್ಲ ಎಂಬ ಖಾತ್ರಿ ಕೆಡಿಸುತ್ತದೆ.

1980ರ ಸುಮಾರಿಗೆ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ಪಂದ್ಯಾವಳಿ ನಡೆಸಿದರು. ಪ್ರತಿ ಸುತ್ತಿನಲ್ಲೂ ಸಹಕರಿಸಬಹುದು, ಇಲ್ಲವೇ ಕೈಕೊಡಬಹುದು. ತಜ್ಞರು ಕಳಿಸಿದ 14 ತಂತ್ರಗಳಲ್ಲಿ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಅವರ ಅತಿ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು. ಎರಡನೇ ಪಂದ್ಯಾವಳಿಗೆ 62 ತಂತ್ರಗಳು ಬಂದಾಗಲೂ ಅದೇ ಗೆದ್ದಿತು. ಯಾವೊಂದು ಪಂದ್ಯದಲ್ಲೂ ಎದುರಿನವನಿಗಿಂತ ಹೆಚ್ಚು ಅಂಕ ಗಳಿಸಲಾರದ ತಂತ್ರ ಒಟ್ಟು ಲೆಕ್ಕದಲ್ಲಿ ಎಲ್ಲರನ್ನೂ ಹಿಂದೆ ಹಾಕಿತು! ಆದರೆ ಇದಕ್ಕೊಂದು ಷರತ್ತಿದೆ: ಅದೇ ಇಬ್ಬರು ಮತ್ತೆ ಮತ್ತೆ ಮುಖಾಮುಖಿಯಾಗಬೇಕು.

ಆನ್‌ಲೈನ್ ಆಟದಲ್ಲಿ ಒಂದೇ ತಂಡದವರ ಸೋಲು ಗೆಲುವು ಒಂದೇ ಅಲ್ಲವೇ, ಅಲ್ಲಿ ಕೈಕೊಡುವ ಮಾತೆಲ್ಲಿ ಬಂತು ಎಂದು ಕೇಳಬಹುದು. ಇದು ತೂಕವಿರುವ ಆಕ್ಷೇಪ. ಡೋಟಾ 2 ಎಂಬ ಆಟವನ್ನು ನೋಡಿ. ಐವರ ವಿರುದ್ಧ ಐವರು. ಶತ್ರುವಿನ ಚಲನವಲನ ಕಾಣಬೇಕಾದರೆ ನಕ್ಷೆಯ ಮೇಲೆ ‘ವಾರ್ಡ್’ ನೆಡಬೇಕು. ಅದರ ಬೆಳಕು ಐವರಿಗೂ ಸಿಗುತ್ತಿತ್ತು, ಆಟದ ಹಣವಾದ ಚಿನ್ನ ಮಾತ್ರ ನೆಟ್ಟವನ ಜೇಬಿನಿಂದ ಹೋಗುತ್ತಿತ್ತು. ಗೆಲುವು ಎಲ್ಲರದಾದರೂ ಖರ್ಚು ಒಬ್ಬನದಾಗಿತ್ತು. ಹಾಗಾಗಿ ಪ್ರತಿಯೊಬ್ಬನೂ ಇನ್ನೊಬ್ಬ ನೆಡಲಿ ಎಂದು ಕಾಯುತ್ತಿದ್ದ, ನೆಡದವನನ್ನು ಬೈಯುತ್ತಿದ್ದ, ಆಟ ಮುಗಿದೊಡನೆ ಹೊಸ ಅಪರಿಚಿತರ ಜೊತೆ ಸೇರುತ್ತಿದ್ದ. ಮುಂದೆ ಆಟದ ಕಂಪನಿ ಆ ವಾರ್ಡನ್ನು ಉಚಿತ ಮಾಡಿತು, ಹಣದ ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಆಡುವವರು ಮೊದಲಿನವರೇ ಆಗಿದ್ದರು.

ಮನುಷ್ಯನ ಸ್ವಭಾವವೇ ಹೀಗೆ ಎಂದು ಕೈತೊಳೆದುಕೊಳ್ಳುವವರು ಈ ಲೆಕ್ಕವನ್ನು ಬಿಡಿಸಿ ನೋಡಿಲ್ಲ.

ಪರಿಚಯವೊಂದೇ ಸಾಲದು ಎಂಬುದನ್ನೂ ಒಪ್ಪಬೇಕು. ನಾಲ್ವರು ಗೆಳೆಯರು ಸೇರಿ ಐದನೆಯ ಅಪರಿಚಿತನನ್ನು ಹಿಂಸಿಸುವುದುಂಟು. ಅಲ್ಲಿಯೂ ನಾಲ್ವರಿಗೆ ತಮ್ಮೊಳಗೆ ನಾಳೆ ಇದೆ, ಐದನೆಯವನ ಜೊತೆ ಇಲ್ಲ.

ಹಾಗಾಗಿ ಪೋಷಕರಲ್ಲಿ ನನ್ನದೊಂದು ಕೋರಿಕೆ. ಮಗ ಎಷ್ಟು ಹೊತ್ತು ಆಡಿದ ಎಂದು ಕೇಳುವ ಜೊತೆಗೆ ಯಾರ ಜೊತೆ ಆಡಿದ, ನಾಳೆಯೂ ಅವರ ಜೊತೆಗೇ ಆಡುತ್ತಾನೆಯೇ ಎಂದೂ ಕೇಳಿ.