ಗುಣವಾದವರ ಮಾತಿಗೂ ಜಾಗವಿರಲಿ



ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನನ್ನ ತಮ್ಮನನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಮಾತ್ರೆ ಬೇಡವೆಂದು ಅವನ ಹಟ. ಒಂದು ದಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಅಂಗಿ ಜೇಬಿನಿಂದ ತಮ್ಮ ಮಾತ್ರೆ ತೆಗೆದು ತೋರಿಸಿ, ‘ನನಗೂ ಕಿವಿಯಲ್ಲಿ ಯಾರೋ ಮಾತಾಡ್ದಂಗೆ ಕೇಳ್ತಿತ್ತು ಕಣಪ್ಪ, ಈಗ ಅಂಗಡಿ ನಡೆಸ್ತೀನಿ’ ಎಂದರು. ನಾವು ನೂರು ಸಲ ಹೇಳಿದರೂ ತಲೆ ಎತ್ತದವನು ಅವರನ್ನೇ ನೋಡುತ್ತ ಕೂತ. ಅಂದು ರಾತ್ರಿ ತಾನೇ ನೀರು ತಂದುಕೊಂಡು ಮಾತ್ರೆ ನುಂಗಿದ.

ವೈದ್ಯರು ಬೇಕೇ ಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯೂ ಆಸರೆಯೇ. ಆದರೆ ಅದೇ ಕಷ್ಟ ಉಂಡವರು ಪಕ್ಕದಲ್ಲಿ ಕೂತರೆ ಬರುವ ಧೈರ್ಯವೇ ಬೇರೆ. ಅಂಥವರಿಗೆ ತರಬೇತಿ, ಗೌರವಧನ ಕೊಟ್ಟು ಪ್ರತಿ ಮಂಗಳವಾರ ಆಸ್ಪತ್ರೆಯಲ್ಲಿ ಕೂರಿಸುವಂತೆ ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

– ಒಬ್ಬ ಅಕ್ಕ, ತುಮಕೂರು ಜಿಲ್ಲೆ